ಆರು ಮಂಡಳಿ, ಒಂದು ಗೋಷ್ಠಿ: ಕೊಪ್ಪಳದ ಜಂಟಿ ತತ್ತ್ವಕೂಟದ ಸೇವೆ ಹೇಗಿದೆ?

ಕೊಪ್ಪಳದಲ್ಲಿ ತಮ್ಮ ಪಾಡಿಗೆ ತಾವು ಓದು, ಪಾಠ, ಚರ್ಚೆ ನಡೆಸಿಕೊಂಡು ಬಂದಿದ್ದ ಆರು ಅಧ್ಯಯನ ಮಂಡಳಿಗಳು ಈಗ ತಿಂಗಳಿಗೊಮ್ಮೆ ಒಂದೇ ಸಭಾಂಗಣದಲ್ಲಿ ಕೂಡಿ ಜಂಟಿ ಗೋಷ್ಠಿ ನಡೆಸುತ್ತಿವೆ. ವಚನ ಓದುವ ಬಳಗ, ದಾಸಸಾಹಿತ್ಯದ ಪಾಠ ಮಂಡಳಿ, ಜೈನ ಸ್ವಾಧ್ಯಾಯ ಕೂಟ, ಅಂಬೇಡ್ಕರ್ ತೋರಿದ ದಾರಿಯ ಬೌದ್ಧ ಅಧ್ಯಯನ ಕೇಂದ್ರ, ಸೂಫಿ ಚಿಂತನೆ ಮತ್ತು ತತ್ತ್ವಪದಗಳ ಗೆಳೆಯರ ಗುಂಪು, ವಿಚಾರವಾದಿಗಳ ವೇದಿಕೆ ಇದರಲ್ಲಿವೆ. ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಊರಿನವರಿಗೆ ಗುರುತು ಸಿಗುತ್ತದೆ, ಹೊರಗಿನವರಿಗೆ ಹೆಸರಿಗಿಂತ ಕೆಲಸ ಮುಖ್ಯ. ವರ್ಷದ ಚಂದಾ ₹300, ವಿದ್ಯಾರ್ಥಿಗಳಿಗೆ ಉಚಿತ. ಅದಕ್ಕೆ ಪ್ರತಿಯಾಗಿ ತಿಂಗಳ ಗೋಷ್ಠಿ, ನಾಲ್ಕು ಪುಟಗಳ ಅಚ್ಚಾದ ಟಿಪ್ಪಣಿ, ಓದುಕೋಣೆಯ ಬಳಕೆ ಮತ್ತು ಗೋಷ್ಠಿಗೆ ಮುಂಚೆ ಚಹಾ ಸಿಗುತ್ತವೆ. ಚರ್ಚೆಯ ಗುಣಮಟ್ಟವನ್ನಷ್ಟೇ ನೋಡಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಚರ್ಚೆ ಮುಗಿದ ಮೇಲೆ ಆರೂ ಮಂಡಳಿಗಳು ಕೂಡಿ ಮಾಡಬೇಕಾದ ಕೆಲಸವನ್ನು ನೋಡಿದರೆ ಅಷ್ಟು ಧೈರ್ಯವಾಗಿ ಹೇಳಲಾರೆ.

ಮೊದಲು ಗೋಷ್ಠಿಯ ಕ್ರಮವನ್ನು ಹೇಳಬೇಕು, ಏಕೆಂದರೆ ಈ ಸೇವೆಯ ನಿಜವಾದ ಬಂಡವಾಳ ಅದೇ. ತಿಂಗಳಿಗೆ ಒಂದೇ ವಿಷಯ. ಎರಡು ಮಂಡಳಿಗಳು ಪ್ರಬಂಧ ಮಂಡಿಸುತ್ತವೆ, ಮೂರನೆಯ ಮಂಡಳಿಯವರು ಅಧ್ಯಕ್ಷತೆ ವಹಿಸುತ್ತಾರೆ. ಪ್ರಶ್ನೆ ಕೇಳಬೇಕೆನ್ನುವವರು ಮೊದಲು ಎದುರಿನವರು ಹೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಿ, ಹೌದು, ನಾನು ಹೇಳಿದ್ದು ಇದೇ ಎಂಬ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆ ಸಿಗುವವರೆಗೆ ಪ್ರಶ್ನೆಗೆ ಅವಕಾಶವಿಲ್ಲ. ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಮಂಡಿಸಿದ ಮೇಲೆಯೇ ತಮ್ಮ ಸಿದ್ಧಾಂತ ಹೇಳುವ ನಮ್ಮ ಭಾಷ್ಯಕಾರರ ಪದ್ಧತಿಯೇ ಇದು ಎನ್ನಬಹುದು. ಆದರೆ ಗ್ರಂಥದಲ್ಲಿ ಪೂರ್ವಪಕ್ಷದವನು ಎದ್ದು ನಿಂತು ಆಕ್ಷೇಪಿಸಲಾರ, ಇಲ್ಲಿ ಮೂರನೆಯ ಸಾಲಿನ ಕುರ್ಚಿಯಿಂದ ಆಕ್ಷೇಪಿಸುತ್ತಾನೆ. ದಾಸಸಾಹಿತ್ಯದ ಹಿರಿಯರೊಬ್ಬರು ಪದವಿ ಓದುವ ಹುಡುಗನಿಗೆ "ನಾ ಹೇಳಿದ್ದು ಅದಲ್ಲಪಾ ತಮ್ಮಾ, ಇನ್ನೊಮ್ಮೆ ಹೇಳು" ಎನ್ನುತ್ತ ಅವನಿಂದ ಮತ್ತೆ ಮತ್ತೆ ಹೇಳಿಸಿದರು. ಕೊನೆಗೆ ಅವನ ಬಾಯಲ್ಲಿ ಜೀವಜೀವರಲ್ಲಿ ಶ್ರೇಣಿಯಿದೆ ಎನ್ನುವ ತಮ್ಮ ಮತದ ತಾರತಮ್ಯದ ವಿಚಾರ ಸರಿಯಾಗಿ ಬಂದಾಗ "ಈಗ ಬೈ" ಎಂದು ನಕ್ಕರು. ಆ ಹೊತ್ತಿಗೆ ಹುಡುಗನ ಪ್ರಶ್ನೆ ಮೊದಲಿಗಿಂತ ಹರಿತವಾಗಿತ್ತು.

ದಿನ ಗೊತ್ತು ಮಾಡುವುದೇ ಈ ಕೂಟದ ಅತಿ ಕಠಿಣ ತತ್ತ್ವಚರ್ಚೆ ಎಂದರೆ ಹೊರಗಿನವರು ನಕ್ಕಾರು. ದಾಸ ಮಂಡಳಿಯವರಿಗೆ ಏಕಾದಶಿ ಆಗದು, ಜೈನರಿಗೆ ಪರ್ಯುಷಣದ ದಿನಗಳು ಆಗವು, ವಚನ ಬಳಗದ ಬಹುಪಾಲು ಜನ ಶ್ರಾವಣದಲ್ಲಿ ಪುರಾಣ ಪ್ರವಚನಗಳಿಗೆ ಹೋಗುತ್ತಾರೆ, ಅಂಬೇಡ್ಕರ್ ಹುಟ್ಟಿದ, ತೀರಿಕೊಂಡ ದಿನಗಳಾದ ಏಪ್ರಿಲ್ 14 ಮತ್ತು ಡಿಸೆಂಬರ್ 6ರ ಆಸುಪಾಸಿನಲ್ಲಿ ಬೌದ್ಧ ಅಧ್ಯಯನ ಕೇಂದ್ರದವರು ಕೈಗೆ ಸಿಗುವುದಿಲ್ಲ, ಗವಿಸಿದ್ಧೇಶ್ವರ ಜಾತ್ರೆಯ ಹೊತ್ತಿನಲ್ಲಿ ಊರಿನಲ್ಲಿ ಬೇರೆ ಯಾವ ಸಭೆಗೂ ಜನ ಬರುವುದಿಲ್ಲ. ರಾಹುಕಾಲ ನೋಡಿ ದಿನ ಇಟ್ಟರೆ ತಾವು ಬರುವುದಿಲ್ಲ ಎಂದು ಮೊದಲೇ ಹೇಳಿದ್ದ ವಿಚಾರವಾದಿಗಳು, ಉಪವಾಸ ಇರುವವರ ಎದುರು ತಿಂಡಿ ಹಂಚುವುದು ಸರಿಯಲ್ಲ ಎಂಬ ಕಾರಣಕ್ಕೆ ಏಕಾದಶಿಯನ್ನು ಬಿಡಲು ಒಪ್ಪಿದರು. ಪಂಚಾಂಗಕ್ಕೆ ತಲೆಬಾಗಿ ಒಪ್ಪಿದ್ದಲ್ಲ ಎಂದು ನಡಾವಳಿಯಲ್ಲಿ ಬರೆಸಿಯೂ ಬಿಟ್ಟರು. ಸೂರ್ಯಾಸ್ತದ ಮೇಲೆ ಉಣ್ಣದ ಜೈನರ ಸಲುವಾಗಿ ಮಂಡಾಳು ಒಗ್ಗರಣೆ, ಮಿರ್ಚಿ, ಚಹಾ ಎಲ್ಲವೂ ಗೋಷ್ಠಿಗೆ ಮೊದಲೇ ಬರುತ್ತವೆ, ಉಳ್ಳಾಗಡ್ಡಿ ಹಾಕದ ಒಗ್ಗರಣೆ ಬೇರೆ ಪಾತ್ರೆಯಲ್ಲಿರುತ್ತದೆ. ರಂಜಾನ್ ತಿಂಗಳಲ್ಲಿ ಗೋಷ್ಠಿ ಬೆಳಿಗ್ಗೆ ನಡೆಯುತ್ತದೆ, ಆಗ ಯಾರಿಗೂ ಚಹಾ ಇಲ್ಲ. ಪರಸ್ಪರ ಗೌರವದ ಬಗ್ಗೆ ವೇದಿಕೆಯಲ್ಲಿ ಆಡುವ ಮಾತಿಗಿಂತ ಈ ಏರ್ಪಾಡು ನನಗೆ ಹೆಚ್ಚು ನಂಬಿಕೆ ಹುಟ್ಟಿಸಿತು.

ಇಲ್ಲಿಯ ಚರ್ಚೆ ಹೇಗಿರುತ್ತದೆ ಎಂಬುದಕ್ಕೆ ದೂಳಿನ ವಿಷಯದ ಗೋಷ್ಠಿಯನ್ನು ತುಸು ವಿವರವಾಗಿ ಹೇಳುತ್ತೇನೆ. ಗಿಣಿಗೇರಿ, ಹಾಲವರ್ತಿ ಕಡೆಯ ಕಾರ್ಖಾನೆಗಳ ಹೊಗೆ, ಕರಿದೂಳಿನ ಪ್ರಶ್ನೆ ಕೊಪ್ಪಳದವರಿಗೆ ಹೊಸದಲ್ಲ. 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಪಟ್ಟಣವೇ ಬಂದ್ ಆಚರಿಸಿ ಬೀದಿಗಿಳಿದಿತ್ತು. ಗೋಷ್ಠಿಯ ಮುಂದೆ ಇಟ್ಟ ಪ್ರಶ್ನೆ, ನಿಮ್ಮ ದರ್ಶನಕ್ಕೆ ಈ ದೂಳು ಯಾಕೆ ಮುಖ್ಯವಾಗಬೇಕು ಎಂಬುದಾಗಿತ್ತು. ಜೈನ ಕೂಟದವರು ಪೃಥ್ವಿಕಾಯ, ವಾಯುಕಾಯ ಜೀವಗಳ ಮಾತೆತ್ತಿ, ಮಣ್ಣು ಮತ್ತು ಗಾಳಿ ಕೇವಲ ಮನುಷ್ಯನ ಬಳಕೆಯ ಸಾಮಗ್ರಿಗಳಲ್ಲ, ಅವೂ ಜೀವವೇ, ಆದ್ದರಿಂದ ಹಿಂಸೆ ನಮ್ಮ ಶ್ವಾಸಕೋಶಕ್ಕೆ ಬರುವ ಮೊದಲೇ ನಡೆದಿರುತ್ತದೆ ಎಂದರು. ಬೌದ್ಧ ಕೇಂದ್ರದ ಅಕ್ಕ ಒಬ್ಬರು, ದುಃಖಕ್ಕೆ ಕಾರಣವಿದೆ, ಕಾರಣ ಹುಡುಕದೆ ಬರೀ ಸಹಿಸಿಕೊಳ್ಳುವುದು ಬುದ್ಧನ ದಾರಿಯಲ್ಲ ಎಂದು ಹೇಳಿ, ಕಾರ್ಖಾನೆಯ ಪಕ್ಕದ ಕೇರಿಯಲ್ಲಿ ಯಾರ ಮನೆಗಳಿವೆ ಎಂದು ಕೇಳಿದರು. ಸೂಫಿ ಗುಂಪಿನವರು ಈ ಭೂಮಿ ಮನುಷ್ಯನ ಕೈಗೆ ಕೊಟ್ಟ ಅಮಾನತ್ತು, ನಂಬಿ ಒಪ್ಪಿಸಿದ ಸೊತ್ತು, ಒಡೆತನವಲ್ಲ ಎಂದರು. ವಚನ ಬಳಗದವರು ಕಾಯಕದ ಪ್ರಶ್ನೆಯನ್ನು ಎತ್ತಿ, ಆ ಕಾರ್ಖಾನೆಯಲ್ಲಿ ದುಡಿಯುವವನ ಕಾಯಕವನ್ನು ನಾವು ಕೀಳಾಗಿ ಕಾಣಬಾರದು, ದೂಳಿಗೆ ವಿರೋಧ ಇರಬೇಕೇ ಹೊರತು ದುಡಿಮೆಗೆ ಅಲ್ಲ ಎಂದು ಒಂದು ಅಡ್ಡಗೆರೆ ಎಳೆದರು. ಆ ಸಂಜೆಯ ಅತ್ಯಂತ ಅನನುಕೂಲದ, ಅಷ್ಟೇ ಅಗತ್ಯದ ಮಾತು ಅದಾಗಿತ್ತು.

ವಿಚಾರವಾದಿಗಳ ಯುವಕನೊಬ್ಬ ವೇದಾಂತಿಗಳತ್ತ ತಿರುಗಿ, ಜಗತ್ತೇ ಮಿಥ್ಯೆಯಾದರೆ ದೂಳೂ ಮಿಥ್ಯೆಯಲ್ಲವೇ ಎಂದು ಚುಚ್ಚಿದ. ದಾಸ ಮಂಡಳಿಯವರು ಇದಕ್ಕಾಗಿಯೇ ಕಾದಿದ್ದವರಂತೆ, ಆ ಪ್ರಶ್ನೆಯ ವಿಳಾಸ ಅದ್ವೈತಿಗಳದೇ ಹೊರತು ತಮ್ಮದಲ್ಲವೆಂದೂ ಮಧ್ವಮತದಲ್ಲಿ ಜಗತ್ತು ಸತ್ಯ, ಜಡ ಸತ್ಯ, ಜಡ ಜಡಗಳ ನಡುವಿನ ಭೇದವೂ ಸತ್ಯ ಎಂದೂ ದೇವರು, ಜೀವ, ಜಡಗಳ ನಡುವಿನ ಐದು ಭೇದಗಳನ್ನು ಹೇಳುವ ಪಂಚಭೇದವನ್ನು ಬಿಡಿಸಿಟ್ಟು, ಹಾಗಾಗಿ ದೂಳು ನಿಜ, ಕೆಮ್ಮು ನಿಜ, ಅದಕ್ಕೆ ಕಾರಣರಾದವರ ಹೊಣೆಯೂ ನಿಜ ಎಂದರು. ಸಭೆ ನಕ್ಕಿತು, ಯುವಕನೂ ನಕ್ಕ. ಕೊನೆಗೆ ಎಲ್ಲರೂ ಒಪ್ಪಿದ ನಿರ್ಣಯ ಒಂದೇ: ಗಾಳಿಯ ಗುಣಮಟ್ಟದ ಅಳತೆಗಳನ್ನು ಸಾರ್ವಜನಿಕರಿಗೆ ಕನ್ನಡದಲ್ಲಿ, ನಿಯಮಿತವಾಗಿ ತಿಳಿಸಬೇಕೆಂದು ಸಂಬಂಧಪಟ್ಟ ಇಲಾಖೆಗೆ ಮನವಿ ಕೊಡುವುದು. ಆ ನಿರ್ಣಯಕ್ಕೆ ಆರು ಮಂಡಳಿಗಳೂ ಆರು ಬೇರೆ ಕಾರಣಗಳನ್ನು ಕೊಟ್ಟವು, ಆರನ್ನೂ ಮನವಿಯ ಪ್ರತಿಯಲ್ಲಿ ಸೇರಿಸಲಾಯಿತು.

ಇದನ್ನು ನೋಡಿದಾಗ ನನಗೆ ನೆನಪಾದದ್ದು 1947ರ ಒಂದು ಪ್ರಸಂಗ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಸಿದ್ಧವಾಗುತ್ತಿದ್ದ ಹೊತ್ತಿನಲ್ಲಿ ಯುನೆಸ್ಕೊ ಬೇರೆ ಬೇರೆ ದೇಶಗಳ ಚಿಂತಕರಿಗೆ ಬರೆದು, ಹಕ್ಕುಗಳಿಗೆ ತಾತ್ವಿಕ ಆಧಾರ ಯಾವುದು ಎಂದು ಕೇಳಿತ್ತು. ಆಗಿನ ಮಹಾನಿರ್ದೇಶಕ ಜೂಲಿಯನ್ ಹಕ್ಸ್‌ಲಿಗೆ ಗಾಂಧೀಜಿ ಬರೆದ ಚಿಕ್ಕ ಉತ್ತರದಲ್ಲಿ, ಕರ್ತವ್ಯವನ್ನು ಸರಿಯಾಗಿ ಮಾಡಿದಾಗಲೇ ಹಕ್ಕು ಹುಟ್ಟುತ್ತದೆಂಬುದನ್ನು ಓದುಬರಹ ಬಾರದ ತಮ್ಮ ತಾಯಿಯಿಂದ ಕಲಿತೆ ಎಂಬ ಮಾತಿದೆ. ಆ ಉತ್ತರಗಳ ಸಂಗ್ರಹಕ್ಕೆ ಮುನ್ನುಡಿ ಬರೆದ ಫ್ರೆಂಚ್ ತತ್ತ್ವಜ್ಞಾನಿ ಜಾಕ್ ಮಾರಿತೇನ್, ಹಕ್ಕುಗಳ ಪಟ್ಟಿಯ ಬಗ್ಗೆ ನಮ್ಮಲ್ಲಿ ಒಮ್ಮತವಿದೆ, ಆದರೆ ಏಕೆ ಎಂದು ಯಾರೂ ಕೇಳಬಾರದು ಎಂಬರ್ಥದ ಮಾತೊಂದನ್ನು ಅಲ್ಲಿ ದಾಖಲಿಸಿದ್ದಾರೆ. 1948ರ ಡಿಸೆಂಬರ್ 10ರಂದು ಘೋಷಣೆ ಅಂಗೀಕಾರವಾದದ್ದು ಹೆಚ್ಚುಕಡಿಮೆ ಇಂಥ ಒಡಂಬಡಿಕೆಯ ಮೇಲೆಯೇ. ರಾಷ್ಟ್ರಗಳ ಮಟ್ಟದಲ್ಲಿ ಅದು ಜಾಣತನವಾಗಿರಬಹುದು. ಒಂದೇ ಊರಿನಲ್ಲಿ, ಒಂದೇ ಗಾಳಿ ಕುಡಿಯುವ ಮಂಡಳಿಗಳ ನಡುವೆ ಏಕೆ ಎಂದು ಕೇಳಿದರೂ ಒಪ್ಪಂದ ಮುರಿಯದು, ಬದಲಿಗೆ ಗಟ್ಟಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ; ದೂಳಿನ ಗೋಷ್ಠಿ ಅದಕ್ಕೆ ಪುರಾವೆ ಕೊಟ್ಟಿತು.

ಇದೇ ಕೂಟ ಏಕೆ ಎಂದು ಕೇಳುವುದನ್ನು ಬಿಟ್ಟುಕೊಟ್ಟಾಗ ಎಷ್ಟು ಸಪ್ಪೆಯಾಗುತ್ತದೆ ಎಂಬುದಕ್ಕೆ ನವೆಂಬರ್ ಗೋಷ್ಠಿ ಉದಾಹರಣೆ. ನವೆಂಬರ್ ತಿಂಗಳ ಮೂರನೆಯ ಗುರುವಾರ ಯುನೆಸ್ಕೊ ಗೊತ್ತುಪಡಿಸಿದ ವಿಶ್ವ ತತ್ತ್ವಶಾಸ್ತ್ರ ದಿನ. ಇಲ್ಲಿ ಅದನ್ನು ಸಮೀಪದ ಭಾನುವಾರಕ್ಕೆ ಸರಿಸಿ, ಹೊರಗಿನ ಅತಿಥಿಗಳನ್ನು ಕರೆಸಿ, ಶಾಲು ಹಾರಗಳ ಸನ್ಮಾನದೊಂದಿಗೆ ಆಚರಿಸುತ್ತಾರೆ. ಪ್ರಶ್ನೋತ್ತರದ ನಿಯಮ ಆ ದಿನ ರಜೆಯಲ್ಲಿರುತ್ತದೆ. ಎಲ್ಲ ಧರ್ಮಗಳ ಸಾರ ಒಂದೇ, ಎಲ್ಲ ನದಿಗಳೂ ಕಡಲಿಗೇ ಎಂದು ಅತಿಥಿಗಳು ಹೇಳುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ, ಉಳಿದ ತಿಂಗಳುಗಳಲ್ಲಿ ಒಂದು ಪದದ ಅರ್ಥಕ್ಕಾಗಿ ಕಾದಾಡುವ ಜನ ಆ ದಿನ ಸುಮ್ಮನೆ ಕುಳಿತಿರುತ್ತಾರೆ. ಆತ್ಮವಿದೆ ಎನ್ನುವವರು, ಇಲ್ಲ ಎನ್ನುವವರು, ಆ ಪ್ರಶ್ನೆಯೇ ಬೇಡ ಎನ್ನುವವರು ಒಂದೇ ಸಾಲಿನಲ್ಲಿ ಕುಳಿತಿರುವಾಗ ಎಲ್ಲ ಒಂದೇ ಎನ್ನುವುದು ಮರ್ಯಾದೆಯ ಮಾತಿನಂತೆ ಕೇಳಿದರೂ ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಮಾತು. ಹೊಸ ಸದಸ್ಯರು ನವೆಂಬರ್‌ನಲ್ಲಿ ಮೊದಲ ಸಲ ಹೋಗದಿರುವುದು ಒಳ್ಳೆಯದು.

ಸೂಫಿ ಮತ್ತು ತತ್ತ್ವಪದದ ಗುಂಪಿಗೆ ಸಿಕ್ಕ ಸ್ಥಾನದ ಬಗ್ಗೆ ಒಂದು ಮಾತು ಹೇಳಲೇಬೇಕು. ಆರಂಭದಲ್ಲಿ ಅವರನ್ನು ಪ್ರಾರ್ಥನೆ ಗೀತೆಗೆ ಕರೆಯುವವರಂತೆ ಕಂಡು, ಎರಡು ಪದ ಹಾಡಿಸಿ ಕೂರಿಸಲಾಗುತ್ತಿತ್ತು. ಅವರು ಪ್ರತಿಭಟಿಸಿದ ಮೇಲೆ ಪ್ರಬಂಧಕ್ಕೆ ಮೀಸಲಾದ ಪೂರ್ಣ ಅವಧಿ ಅವರಿಗೂ ಸಿಕ್ಕಿತು. ಇದಕ್ಕೆ ದೊಡ್ಡ ಮೇಲ್ಪಂಕ್ತಿಯೂ ಇದೆ: 1925ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಫಿಲಾಸಫಿಕಲ್ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದಾಗ ಅಧ್ಯಕ್ಷತೆ ವಹಿಸಿದ್ದ ರವೀಂದ್ರನಾಥ ಟ್ಯಾಗೋರ್ ವಿದ್ವಾಂಸರ ಆ ಸಭೆಯಲ್ಲಿ ಮಾತನಾಡಿದ್ದು ಬಂಗಾಳದ ಹಳ್ಳಿಗಳ ಬಾವುಲ್ ಗಾಯಕರಂಥವರ ಹಾಡುಗಳಲ್ಲಿರುವ ತತ್ತ್ವಚಿಂತನೆಯ ಬಗ್ಗೆ. ಮುದಗಲ್ಲಿನ ಮೊಹರಂನಲ್ಲಿ ಜಾತಿಮತದ ಎಣಿಕೆಯಿಲ್ಲದೆ ಜನ ಸೇರುವುದನ್ನು, ಆಗ ಹಾಡುವ ರಿವಾಯತ ಪದಗಳನ್ನು ಕೇಳುತ್ತ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಕಲ್ಕತ್ತೆಯಿಂದ ಕಲಿಯುವ ಅಗತ್ಯ ಇರಬಾರದಿತ್ತು. ಈಗ ಏಕತಾರಿ ಹಿಡಿದ ಗಾಯಕರು ಒಂದು ಪದ ಹಾಡಿ, ಅದರ ಒಗಟನ್ನು ಬಿಡಿಸಿ, ಪ್ರಶ್ನೆಗಳಿಗೂ ಉತ್ತರಿಸುತ್ತಾರೆ. ಕೆಲವರು ಉತ್ತರವನ್ನೂ ಪದದಲ್ಲೇ ಹೇಳಿ ಜಾರಿಕೊಳ್ಳುತ್ತಾರೆ, ಅಧ್ಯಕ್ಷರು ಅದಕ್ಕೆ ಬಿಡಬಾರದು.

ಅಸ್ಪೃಶ್ಯತೆಯ ವಿಷಯದ ಗೋಷ್ಠಿ ಸಲೀಸಾಗಿ ನಡೆಯಲಿಲ್ಲ, ನಡೆಯಬೇಕಾಗಿಯೂ ಇರಲಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಯ ಪ್ರಕರಣದಲ್ಲಿ ಕೊಪ್ಪಳದ ಜಿಲ್ಲಾ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದನ್ನು ಎದುರಿಗಿಟ್ಟುಕೊಂಡು ಬೌದ್ಧ ಕೇಂದ್ರದವರು ಪ್ರಬಂಧ ಓದಿದರು. ಉಳಿದ ಮಂಡಳಿಗಳು ತಮ್ಮ ತಮ್ಮ ಸಂತರು, ಶರಣರು, ದಾಸರು ಜಾತಿಯ ಬಗ್ಗೆ ಏನು ಹೇಳಿದ್ದಾರೆಂದು ಹೇಳತೊಡಗಿದಾಗ, ನಿಮ್ಮ ಹಿರಿಯರು ಹೇಳಿದ್ದು ಗೊತ್ತಿದೆ, ನಿಮ್ಮ ಮನೆಯಲ್ಲಿ ಏನು ನಡೆಯುತ್ತದೆ ಹೇಳಿ ಎಂಬ ಪ್ರಶ್ನೆ ಬಂತು. ಅಧ್ಯಕ್ಷರು ಪ್ರಶ್ನೆಯನ್ನು ತಡೆಯಲಿಲ್ಲ. ಉತ್ತರಿಸಿದವರು ಕಡಿಮೆ, ಆದರೆ ಉತ್ತರಿಸಿದವರು ತಪ್ಪಿಸಿಕೊಳ್ಳಲಿಲ್ಲ. ಒಂದು ಮಂಡಳಿ ಮುಂದಿನ ತಿಂಗಳು ಗೈರುಹಾಜರಾಯಿತು, ಅದರ ಮರು ತಿಂಗಳು ಮರಳಿತು. ಸಹಕಾರವೆಂದರೆ ಮನಸ್ತಾಪವೇ ಇಲ್ಲದಿರುವುದು ಎಂದುಕೊಂಡವರಿಗೆ ಈ ಕೂಟ ಹಿಡಿಸಲಾರದು.

ಇನ್ನು ಕೊರತೆಗಳು. ದೊಡ್ಡ ಕೊರತೆ ಜಂಟಿ ನಿಧಿಯದು. ಚಂದಾದ ಹೊರತಾಗಿ, ಸಮಾನ ಕಾಳಜಿಯ ಕೆಲಸಗಳಿಗೆಂದು ಸದಸ್ಯರಿಂದ ಬೇರೆಯಾಗಿ ದೇಣಿಗೆ ಪಡೆಯುತ್ತಾರೆ. ಅದರಿಂದ ಏನು ಮಾಡಬೇಕು, ಯಾರ ಕೈಯಲ್ಲಿ ಕೀಲಿ ಇರಬೇಕು, ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ದೂಳಿನ ಮನವಿಯನ್ನು ಕೊಟ್ಟದ್ದಾಯಿತು, ಅದರ ಬೆನ್ನುಹತ್ತಿ ಕಚೇರಿಗೆ ಅಲೆಯುವ ಹೊಣೆಯನ್ನು ಯಾರೂ ಹೊರಲಿಲ್ಲ. ಈ ವಿಷಯದಲ್ಲಿ ನಮ್ಮ ಜಿಲ್ಲೆಗೇ ಒಂದು ಹಳೆಯ ಪಾಠವಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ತಕರಾರು ಬಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರು ಒಯ್ದರು. ಶ್ರವಣಬೆಳಗೊಳದ ಶಾಸನದಲ್ಲಿ ಆ ದೂರುದಾರರ ಊರುಗಳನ್ನು ಹೇಳುವಾಗ ಈಗ ನಮ್ಮ ಜಿಲ್ಲೆಯಲ್ಲಿರುವ ಆನೆಗೊಂದಿಯ ಹೆಸರೂ ಇದೆ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಹೇಳಿ ರಾಯ ಕೈತೊಳೆದುಕೊಳ್ಳಲಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತುವುದು, ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ವೈಷ್ಣವರ ಕಡೆಯಿಂದ ನೇಮಿಸುವುದು, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು ಎಂದು ಗೊತ್ತುಮಾಡಿ, ಅದನ್ನು ನಡೆಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ವಹಿಸಲಾಯಿತು. ಎತ್ತುವ ಹಣ, ಆಳುಗಳ ಎಣಿಕೆ, ಹೊಣೆ ಹೊತ್ತವನ ಹೆಸರು ಎಲ್ಲವೂ ಕಲ್ಲಿನ ಮೇಲಿವೆ. ನಮ್ಮ ಕೂಟದ ನಡಾವಳಿ ಪುಸ್ತಕದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಅಚ್ಚಾದ ಟಿಪ್ಪಣಿಗಳು ಉಪಯುಕ್ತ, ಆದರೆ ಕರಡು ತಿದ್ದುವವರಿಲ್ಲ. ಒಂದು ತಿಂಗಳ ಪುಟದಲ್ಲಿ, ಅನ್ಯ ಪಂಥಗಳನ್ನು ಹಳಿಯಬಾರದು, ಅವುಗಳ ಮಾತನ್ನು ಕೇಳಬೇಕು ಎನ್ನುವ ಅಶೋಕನ ಆಜ್ಞೆ ನಮ್ಮ ಪಾಲ್ಕಿಗುಂಡಿನಲ್ಲಿದೆ ಎಂದು ಅಚ್ಚಾಗಿತ್ತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಇರುವುದು ಕಿರು ಬಂಡೆಶಾಸನಗಳು; ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಸ್ವರ್ಗ ಪಡೆಯಬಲ್ಲರು ಎಂಬುದು ಅವುಗಳ ಮಾತು. ಪಂಥಗಳ ಸಾಮರಸ್ಯ ಹೇಳುವ ಹನ್ನೆರಡನೆಯ ಶಾಸನ ನಮ್ಮ ನಾಡಿನಲ್ಲಿ ಸಿಕ್ಕಿರುವುದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ. ಊರ ಅಭಿಮಾನಕ್ಕೆ ಶಾಸನಗಳನ್ನು ಜಿಲ್ಲೆ ದಾಟಿಸುವುದು ಬೇಡ. ಕವಿರಾಜಮಾರ್ಗದಲ್ಲೇ ಕೊಪಣ ನಗರದ ಹೆಸರು ಬಂದಿರುವಾಗ ಕೊಪ್ಪಳಕ್ಕೆ ಎರವಲು ಕೀರ್ತಿ ಏಕೆ?

ಓದುಕೋಣೆಯಲ್ಲಿ ಪುಸ್ತಕಗಳು ಮಂಡಳಿವಾರು ಬೇರೆ ಬೇರೆ ಕಪಾಟಿನಲ್ಲಿವೆ, ಒಂದೊಂದರ ಕೀಲಿ ಒಬ್ಬೊಬ್ಬರ ಬಳಿ. ಜೈನ ಕಪಾಟಿನ ಪುಸ್ತಕ ಬೇಕಾದಾಗ ಕೀಲಿ ಇರುವವರು ಊರಲ್ಲಿರಬೇಕು. ಸಭಾಂಗಣ ಮಹಡಿಯ ಮೇಲಿದೆ, ಮೆಟ್ಟಿಲು ಕಡಿದು, ಹಿರಿಯರಿಗೆ ಕಷ್ಟ. ಆರಂಭ ತಡವಾಗುವುದರಿಂದ ಕುಷ್ಟಗಿ, ಯಲಬುರ್ಗಾ ಕಡೆಯವರು ಬಸ್ಸಿಗಾಗಿ ಕೊನೆಯ ಭಾಗ ಕೇಳದೆ ಎದ್ದು ಹೋಗುತ್ತಾರೆ. ಹೆಣ್ಣುಮಕ್ಕಳ ಸಂಖ್ಯೆ ಕಡಿಮೆ. ಅಕ್ಕಮಹಾದೇವಿಯ ಬಗ್ಗೆ ಪ್ರಬಂಧ ಓದಿದವರೂ, ಅದಕ್ಕೆ ಪ್ರತಿಕ್ರಿಯಿಸಿದವರೂ, ಅಧ್ಯಕ್ಷತೆ ವಹಿಸಿದವರೂ ಗಂಡಸರೇ. ಸೂಫಿ ಗುಂಪಿನ ಕೆಲವು ಹಿರಿಯರು ದಖನಿಯಲ್ಲಿ ಸರಾಗವಾಗಿ ಮಾತನಾಡುತ್ತಾರೆ, ಕನ್ನಡಕ್ಕೆ ಹೇಳುವವರನ್ನು ಮೊದಲೇ ಗೊತ್ತುಮಾಡಿರುವುದಿಲ್ಲ.

ಈಗ ಕಾರ್ಯಕಾರಿ ಸಮಿತಿಯಲ್ಲಿ ಹೊರಗಿನ ದೊಡ್ಡ ಒಕ್ಕೂಟಗಳ ಜೊತೆ ಸಂಬಂಧ ಬೆಳೆಸುವ ಮಾತು ನಡೆದಿದೆ. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸ್ಥಾಪನೆಯಾದ ತತ್ತ್ವಶಾಸ್ತ್ರ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದಲ್ಲಿ ವ್ಯಕ್ತಿಗಳಲ್ಲ, ಸಂಘ ಸಂಸ್ಥೆಗಳೇ ಸದಸ್ಯರು. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ನಡೆಯುವ ವಿಶ್ವ ತತ್ತ್ವಶಾಸ್ತ್ರ ಸಮ್ಮೇಳನದ ಹೊಣೆ ಅದರದು. ಆ ಸಮ್ಮೇಳನಗಳ ಪರಂಪರೆ 1900ರ ಪ್ಯಾರಿಸ್‌ನಿಂದ ಆರಂಭವಾಗುತ್ತದೆ. 2018ರಲ್ಲಿ ಬೀಜಿಂಗ್, 2024ರಲ್ಲಿ ರೋಮ್ ಅದಕ್ಕೆ ನೆಲೆಯಾದವು. ಮನುಷ್ಯರಾಗುವುದನ್ನು ಕಲಿಯುವುದು ಬೀಜಿಂಗ್‌ನ ವಿಷಯವಾಗಿತ್ತು, ಎಲ್ಲೆಗಳನ್ನು ದಾಟುವ ತತ್ತ್ವಶಾಸ್ತ್ರ ರೋಮ್‌ನದು. ಸಂಘಗಳೇ ಸದಸ್ಯರಾಗುವ ಈ ಪದ್ಧತಿಯಲ್ಲಿ ನಮ್ಮ ಕೂಟಕ್ಕೆ ಕಲಿಯಲು ಇರುವುದು ಒಂದೇ: ಪ್ರತಿ ಮಂಡಳಿ ತನ್ನ ಪ್ರತಿನಿಧಿಯನ್ನು ಲಿಖಿತವಾಗಿ ನೇಮಿಸಬೇಕು, ಇಲ್ಲದಿದ್ದರೆ ಯಾರು ಯಾರ ಪರವಾಗಿ ಒಪ್ಪಿದರು ಎಂಬ ಜಗಳ ನಿಲ್ಲದು. ಅದಕ್ಕೆ ಅಂತರರಾಷ್ಟ್ರೀಯ ಸಂಬಂಧ ಬೇಕಿಲ್ಲ, ಒಂದು ದಪ್ತರ ಸಾಕು. ರಾಯಚೂರು, ಬಳ್ಳಾರಿಗಳ ಇಂಥ ಮಂಡಳಿಗಳ ಜೊತೆ ವರ್ಷಕ್ಕೊಮ್ಮೆ ಕೂಡುವುದು ಮೊದಲು ಆಗಬೇಕಾದ ಕೆಲಸ, ಏಕೆಂದರೆ ತುಂಗಭದ್ರೆಯ ನೀರಿನ ಪ್ರಶ್ನೆ ಮೂರು ಜಿಲ್ಲೆಗಳಿಗೂ ಒಂದೇ, ಅದರ ಬಗ್ಗೆ ಈವರೆಗೆ ಗೋಷ್ಠಿಯೇ ನಡೆದಿಲ್ಲ.

ವಾದವನ್ನು ಕೇಳುವ ತಾಳ್ಮೆ ಇರುವವರು, ತಮ್ಮ ಮತದ ಬಗ್ಗೆ ತಮಗೇ ಒಂದಷ್ಟು ಪ್ರಶ್ನೆಗಳಿರುವವರು, ಪದವಿ ಮಟ್ಟದ ವಿದ್ಯಾರ್ಥಿಗಳು ಇದಕ್ಕೆ ಸದಸ್ಯರಾಗಬಹುದು. ಆಶೀರ್ವಚನ ಅಥವಾ ಮನಶ್ಶಾಂತಿ ಬಯಸಿ ಬರುವವರಿಗೆ ಊರಿನಲ್ಲಿ ಬೇರೆ ಒಳ್ಳೆಯ ಜಾಗಗಳಿವೆ. ಸದಸ್ಯತ್ವಕ್ಕೆ ಯಾವುದೇ ಮಂಡಳಿಯ ಶಿಫಾರಸು ಬೇಕಾಗಿಲ್ಲ, ಗೋಷ್ಠಿಯ ದಿನವೇ ಹಣ ಕಟ್ಟಿ ರಸೀದಿ ಪಡೆಯಬಹುದು, ಮೊದಲ ಸಲ ಚಂದಾ ಇಲ್ಲದೆಯೂ ಕುಳಿತು ಕೇಳಬಹುದು. ನಾನು ಈ ವರ್ಷದ ₹300 ಕಟ್ಟಿ ಸದಸ್ಯತ್ವ ನವೀಕರಿಸಿದ್ದೇನೆ. ಜಂಟಿ ನಿಧಿಗೆ ಕೇಳಿದ ದೇಣಿಗೆಯನ್ನು ಮಾತ್ರ ಲೆಕ್ಕಪತ್ರ ಸಭೆಯ ಮುಂದೆ ಬರುವವರೆಗೆ ಕೊಡುವುದಿಲ್ಲವೆಂದು ಕಾರ್ಯದರ್ಶಿಗಳಿಗೆ ಬರೆದು ತಿಳಿಸಿದ್ದೇನೆ.